ಹೆಬ್ಬೆರಳು

ಅವಳಿಗೆ ಬಲಗಿವಿ ಕೇಳಿಸದು, ಮೊದಲೇ ಹೇಳಬೇಕಿತ್ತು ನಾನು.
ಹೇಳುವಷ್ಟರಲ್ಲಿ ಮುದುಕ ಆ ಬದಿಗೇ ಕುರ್ಚಿ ಎಳೆದುಕೊಂಡು
ಮಡಿಸಿದ ಕಾಗದ ಬಿಚ್ಚಿದ್ದ.
ವೀಬೆ, ಎಂಬತ್ತೇಳು ವರ್ಷ. ಮೊಣಕಾಲ ಮೇಲೆ ಹ್ಯಾಟು.
ನೀರಿನ ಬಾಟಲಿ ಹಿಡಿದು ನಿಂತಿದ್ದಳು ಮೊಮ್ಮಗಳು,
ಶಾಲೆಯ ನಾಟಕದಲ್ಲಿ ಮಗು ಮಾತು ಮರೆತೀತೆಂದು
ಅಂಜುವ ತಾಯಿಯ ಹಾಗೆ.

ನಾನು ದುಭಾಷಿ. ದಿನಗೂಲಿ, ಊಟ, ಬಸ್ಸಿನ ಖರ್ಚು.
ಡಚ್ಚಿನಿಂದ ಸುಂದಾ ನುಡಿಗೆ, ಸುಂದಾದಿಂದ ಡಚ್ಚಿಗೆ.

ಓದಿದ: ಆ ಡಿಸೆಂಬರ್, ಈ ಹೊಳೆಯ ದಂಡೆ, ನನಗಾಗ ಇಪ್ಪತ್ತು.
'ಆಜ್ಞೆ ಇತ್ತು' ಎಂಬ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದ್ದ;
ಹೊಡೆದದ್ದನ್ನೂ ಓದಿದ.

ಅಂಬು ಓನಿಹ್ ಶೇಂಗಾ ಬಿಡಿಸುತ್ತಿದ್ದಳು.
ಆ ಬೆಳಗಿನ ಸದ್ದೇ ಮುಚ್ಚಿಹೋದ ಕಿವಿಯೊಳಗೆ
ಯಾವ ಮಾತು ಇಳಿದೀತು?
ಎಡಗಡೆ ಬಗ್ಗಿ ನಾನೇ ಹೇಳಿದೆ.
ನನ್ನ ಬಾಯಿಂದ ಅದು ನನ್ನದೇ ತಪ್ಪಿನಂತೆ ಬಂತು.

"ಹ್ಞೂಂ," ಅಂದಳು. "ಹೋದ ವರ್ಷ ಕೋಟಿನವರು ಬಂದಿದ್ದರು.
ಅವರೂ ಇದನ್ನೇ ಓದಿದರು. ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಟ್ಟರು.
ಹಂಚು ಹೊದಿಸಿದೆ. ಈಗ ಸೋರುವುದಿಲ್ಲ."
ಸಿಪ್ಪೆ ಬುಟ್ಟಿಗೆ, ಬೀಜ ತಟ್ಟೆಗೆ.
"ಕೇಳು ಅವನನ್ನು. ನನ್ನವನು ಸಾಲಿನಲ್ಲಿ ಎಷ್ಟನೆಯವನು?"

ಮುದುಕನಿಗೆ ಮುಖಗಳು ನೆನಪಿಲ್ಲ. ಬೆನ್ನುಗಳಷ್ಟೇ, ಅಂದ.
ಮಳೆ. ಸಾಲಿನ ಮುಂದೆ ಹಾದುಹೋದ ಒಂದು ಬಾತುಕೋಳಿ,
ಅದು ದಾಟಲಿ ಎಂದು ಸಾರ್ಜೆಂಟ್ ಕಾದದ್ದು.
ಆಮೇಲೆ, ತಡೆದು, ಕಾಗದದಲ್ಲಿ ಇಲ್ಲದ್ದು:
"ಒಬ್ಬನ ಹೆಬ್ಬೆರಳು ಮುರಿದಿತ್ತು. ಎಡಗೈ.
ಬಿದಿರ ಚಕ್ಕೆ ಇಟ್ಟು ಬಾಳೆನಾರಿನಲ್ಲಿ ಕಟ್ಟಿದ್ದರು.
ಕೈ ಹಿಂದಕ್ಕೆ ಬಿಗಿಯುವಾಗ, ಅದಕ್ಕೆ ನೋವಾಗದಿರಲಿ ಎಂದು
ಹಗ್ಗ ತುಸು ಮೇಲೆ ಸುತ್ತಿದೆ.
ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ."

ಓನಿಹಳ ಕೈ ನಿಂತಿತು.
"ಅವನು ನನ್ನವನಲ್ಲ. ವಾರ್ಸಿಹಳ ಗಂಡ, ಜುಹಾರ್.
ಎಮ್ಮೆ ಜಗ್ಗಿ ಮುರಿದದ್ದು. ಕಟ್ಟಿದವಳು ಅವಳೇ."

ಹೆಣ ಸಿಗದವನು. ಆ ವಾರ ಹೊಳೆ ತುಂಬಿತ್ತು.
ಹಿಂದಿನ ರಾತ್ರಿಯೇ ನುಸುಳಿಹೋದ ಅಂದರು ಯಾರೋ,
ಪೇಟೆಯಲ್ಲಿ ಇನ್ನೊಬ್ಬಳ ಜೊತೆ ಕಂಡೆವು ಅಂದರು ಇನ್ಯಾರೋ.
ಸ್ಮಾರಕದ ಕಲ್ಲಿನಲ್ಲಿ ಅವನ ಹೆಸರಿಲ್ಲ,
ವಿಧವೆಯರ ಪಟ್ಟಿಯಲ್ಲಿ ಇವಳದಿಲ್ಲ.
ಮಗಳಿಗೆ ಎರಡು ಬಾರಿ ಮದುವೆ ಮುರಿಯಿತು: ಓಡಿಹೋದವನ ಮಗಳು.
ಪ್ರತಿ ಲೆಬರಾನ್ ಹಬ್ಬಕ್ಕೆ ಊರೆಲ್ಲ ಒಬ್ಬರಿಗೊಬ್ಬರು
ಕಂಡದ್ದಕ್ಕೂ ಕಾಣದ್ದಕ್ಕೂ ಕ್ಷಮೆ ಕೇಳುವಾಗ
ವಾರ್ಸಿಹ್ ಎಲ್ಲರನ್ನೂ ಕ್ಷಮಿಸುತ್ತಿದ್ದಳು,
ಅವನೊಬ್ಬನ ಹೊರತು.
ಅವಳು ಸತ್ತು ಹನ್ನೊಂದು ವರ್ಷ.

ಅಷ್ಟನ್ನೂ ಡಚ್ಚಿಗೆ ತಿರುಗಿಸಿದೆ. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.
ಮುದುಕ ಹ್ಯಾಟಿನ ಅಂಚನ್ನು ಸುತ್ತಿಸುತ್ತಲೇ ಇದ್ದ.
ಮೊಮ್ಮಗಳು ಬಾಟಲಿಯ ಮುಚ್ಚಳ ತೆಗೆದಳು, ಯಾರಿಗೂ ಕೊಡಲಿಲ್ಲ.

ತಡವಾಗಿ ಬಂದದ್ದು ಬಂದಂತಲ್ಲ ಎನ್ನುವವರಿದ್ದಾರೆ,
ತಡವಾದರೂ ಬಂತಲ್ಲ ಎನ್ನುವವರೂ.
ಕೂಲಿಗೆ ಮಾತು ಹೊರುವವಳು ನಾನು, ನನಗೆ ಕಂಡದ್ದಿಷ್ಟು:
ಒಂದು ಹೆಬ್ಬೆರಳನ್ನು ಅರವತ್ತೇಳು ವರ್ಷ
ಒಬ್ಬ ತನ್ನ ತಲೆಯೊಳಗೆ ಇಟ್ಟುಕೊಂಡಿದ್ದ.
ಅದು ಅವನ ಸೊತ್ತಾಗಿರಲಿಲ್ಲ.

ಓನಿಹ್ ಎದ್ದು ಮಡಿಲ ಸಿಪ್ಪೆ ಕೊಡವಿದಳು,
ಮಸೀದಿಯ ಹಿಂದಿನ ಗೋರಿಗಳತ್ತ ನಡೆದಳು.
ಮುದುಕನೂ ಎದ್ದ. ತಿರುಗಿ ನೋಡದೆಯೇ
ಅಂಗೈ ಎತ್ತಿ ತಡೆದಳು.
ಅಲ್ಲಿ, ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಬಾಯಿಟ್ಟು,
ಕಿವುಡರು ಕಿವುಡರ ಜೊತೆ ಮಾತಾಡುವಷ್ಟು ಜೋರಾಗಿ:
"ವಾರ್ಸಿಹ್! ಏ ವಾರ್ಸಿಹ್! ಅವನು ಸಾಲಲ್ಲೇ ಇದ್ದನಂತೆ ಕಣೇ!
ನೀ ಕಟ್ಟಿದ ಗಂಟು ಬಿಚ್ಚಿರಲಿಲ್ಲವಂತೆ!"

"ಏನಂದಳು?" ಮುದುಕ ನನ್ನ ತೋಳು ಮುಟ್ಟಿದ.
"ಅದು ನಿಮಗಲ್ಲ," ಅಂದೆ.

ಅವಳು ಬರಲು ತುಂಬ ಹೊತ್ತಾಯಿತು.
ಬಿಸಿಲು ಜಗುಲಿಗೆ ಏರಿತ್ತು. ಕೂಲಿಯ ಲೆಕ್ಕದಲ್ಲಿ ಇಲ್ಲದ ಕೆಲಸ,
ಅವನ ಕುರ್ಚಿಯನ್ನು ಎತ್ತಿ
ಅವಳ ಎಡಬದಿಗೆ ಇಟ್ಟೆ.