ಕಿವಿಗಲ್ಲು

ಬೆಳಿಗ್ಗೆ ಏಳೂವರೆಗೆ ಅಬರ್ಡೀನಿನ ಬಂದರಿಗೆ ಬಂದರೆ
ಕಡಲೇ ಇಲ್ಲ.
ಅರಳೆ ಹಿಂಜಿ ಹರವಿದಂತೆ ಮಂಜು.
ಹಿಂಜುವುದು ನಮ್ಮಜ್ಜನ ಕಸುಬು, ನನಗೆ ಗೊತ್ತು,
ಇಷ್ಟು ತೆಳ್ಳಗೆ ಅವನಿಗೂ ಬರುತ್ತಿರಲಿಲ್ಲ.
ಒಳಗೆಲ್ಲೋ ಹಡಗೊಂದು ಗಂಟಲು ಸರಿಮಾಡಿಕೊಳ್ಳುತ್ತಿತ್ತು.

ಗೇಟಿನಲ್ಲಿ ಬಿಲ್ಲೆ ತೋರಿಸಿದೆ: ಎಸ್. ನದಾಫ್,
ಬೇಸಿಗೆಯ ತರಬೇತಿ, ಎಂಟು ವಾರ. ಮೂರು ಮುಗಿದಿವೆ.
'ಫಿಟ್ ಲೈಕ್?' ಅಂದರು ಅಲೆಕ್ ಕೌವಿ, ದಿನದಂತೆ.
ಮೊದಲ ವಾರ ಅದು ಮೈಕಟ್ಟಿನ ಮಾತೆಂದು ನಾಚಿದ್ದೆ,
ಹೇಗಿದ್ದೀ ಅಂತ ಅರ್ಥವಂತೆ ಈ ದಂಡೆಯಲ್ಲಿ.
'ಅಡ್ಡಿಯಿಲ್ಲ' ಅಂದೆ, ಕನ್ನಡದಲ್ಲೇ.
ಅವರಿಗೆ ತಿಳಿಯಿತು.

ಮೀನಿಗೂ ಕಿವಿಯುಂಟು, ಕಿವಿಯೊಳಗೆ ಕಲ್ಲುಂಟು,
ಅವರೆಕಾಳಿನಷ್ಟೇ.
ಚಿಮಟದಲ್ಲಿ ಎತ್ತಿ, ನಡುವಿಗೆ ಮುರಿದು,
ಸ್ಪಿರಿಟ್ ದೀಪದ ಅಂಚಿಗೆ ಹಿಡಿಯಬೇಕು
ಹುರಿದ ಶೇಂಗಾದ ಬಣ್ಣ ಬರುವ ತನಕ,
ಆಮೇಲೆ ಒಂದುಸಿರೂ ಹೆಚ್ಚು ಕೂಡದು.
ಹೋದ ವಾರ ಹದಿನಾಲ್ಕು ಕಲ್ಲು ಇದ್ದಿಲು ಮಾಡಿದ್ದೆ.
ಇವತ್ತು ಕೈಗೆ ಏನು ಬಂದಿತ್ತೋ,
ಒಂದೂ ಸೀಯಲಿಲ್ಲ.
ಎಣ್ಣೆಯ ಹನಿ ಬಿಟ್ಟು ಮಸೂರದಡಿ ಇಟ್ಟರೆ
ಕಂದು ಗೆರೆ, ಬಿಳಿ ಪಟ್ಟಿ, ಕಂದು ಗೆರೆ:
ಗೆರೆಗೊಂದು ಚಳಿಗಾಲ, ಆ ಮೀನು ತಾಳಿಕೊಂಡದ್ದು.

ಲಾಭ, ಎರಡು, ಮೂರು, ನಾಲ್ಕು...

'ಅದೇನದು, ಲಾಬಾ?'
ತಮ್ಮ ಮಸೂರದಿಂದ ಕಣ್ಣೆತ್ತದೆ ಕೇಳಿದರು ಅಲೆಕ್.
ಬಾಯಿಬಿಟ್ಟು ಎಣಿಸುತ್ತಿದ್ದೆ, ನನಗೇ ಗೊತ್ತಿಲ್ಲ.
ಗದಗದ ಎಪಿಎಂಸಿ ಕಟ್ಟೆಯಲ್ಲಿ ಅಬ್ಬಾ ಜೋಳ ಅಳೆಯುವಾಗ
ಮೊದಲ ಸೇರಿಗೆ ಒಂದು ಅನ್ನುವುದಿಲ್ಲ.
ಒಂದು ಅಂದರೆ ಒಂಟಿ.
ಲಾಭ ಅಂದರೆ, ಇನ್ನೂ ಬರಲಿ.
ಇಷ್ಟನ್ನು ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ ಚಹಾ ಆರಿತು.

ಹತ್ತಕ್ಕೆ ಇಪ್ಪತ್ತೆರಡು ಕಲ್ಲು. ಊಟದ ಹೊತ್ತಿಗೆ ನಲವತ್ತೊಂದು.
ಊಟವೆಂದರೆ ರೋವಿ, ಉಪ್ಪುಪ್ಪು, ಚಪ್ಪಟೆ,
ಹಂದಿಕೊಬ್ಬು ಹಾಕದ ಬೇಕರಿಯನ್ನು ಹುಡುಕಿ ತಂದಿದ್ದರು ಅಲೆಕ್,
ಹುಡುಕಿದೆನೆಂದು ಹೇಳದೆ.
ಕಿಟಕಿಯಾಚೆ ಕಡಲಕ್ಕಿಯೊಂದು
ಬಾಕಿ ವಸೂಲಿಗೆ ಬಂದವನಂತೆ ನಿಂತು ಚೂರು ಪಡೆದು ಹೋಯಿತು.

ನಲವತ್ತೇಳನೆಯದರಲ್ಲಿ ತಕರಾರು.
ಅವರ ಹಾಳೆಯಲ್ಲಿ ಆರು ವರ್ಷ, ನನ್ನದರಲ್ಲಿ ಐದು.
ಒಳಗಿನ ಮಸುಕು ಉಂಗುರವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು.
ಅದು ಸುಳ್ಳು ಉಂಗುರ, ಅಂದೆ. ಧ್ವನಿ ನಡುಗಿತು.
ಮರಿ ಮೇಲಿನ ನೀರು ಬಿಟ್ಟು ತಳಕ್ಕಿಳಿಯುವಾಗ
ಬೇರೆ ಚಳಿ, ಬೇರೆ ಅನ್ನ,
ಮೈ ಬೆಚ್ಚಿ ಗೆರೆಯೊಂದು ಎಳೆದುಬಿಡುತ್ತದೆ.
ಅದು ವರ್ಷವಲ್ಲ.
ಹೇಳಿಕೊಟ್ಟವರು ಅವರೇ, ಮೊದಲ ವಾರ.

ಅಲೆಕ್ ದೀಪ ಓರೆ ಮಾಡಿದರು,
ಕಲ್ಲು ತಿರುಗಿಸಿದರು, ಕನ್ನಡಕ ತೆಗೆದು ಅಂಗಿಗೆ ಒರೆಸಿದರು.
ಗೋಡೆಯ ಗಡಿಯಾರ ಅಷ್ಟು ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ.
ಆಮೇಲೆ ಆರಕ್ಕೆ ಅಡ್ಡಗೆರೆ ಎಳೆದು, ಐದು ಬರೆದು,
ಮಗ್ಗುಲಲ್ಲಿ ನನ್ನ ಹೆಸರಿನ ಎರಡಕ್ಷರ ಹಾಕಿ
ನಲವತ್ತೆಂಟನೆಯದು ಕೊಡು, ಅಂದರು.

ಐದು ಗಂಟೆಗೆ ಅರವತ್ತಮೂರು.
ಅರವತ್ತೊಂದಕ್ಕೆ ಇಬ್ಬರ ಎಣಿಕೆ ಕೂಡಿತು, ಒಂದು ನನ್ನದು,
ಇನ್ನೊಂದರ ಮುಂದೆ ಪ್ರಶ್ನೆಚಿಹ್ನೆ ಇಟ್ಟು ಬಿಟ್ಟೆವು.
ಆ ಮೀನಿನ ವಯಸ್ಸು ಆ ಮೀನಿಗೇ ಗೊತ್ತು.

ಕೈ ತೊಳೆದೆ, ಮೂರು ಸಲ. ಎಣ್ಣೆಯ ವಾಸನೆ ಹೋಗಲಿಲ್ಲ.
ಕಿವಿಯ ಹಿಂದೆ ಸುಮ್ಮನೆ ಒತ್ತಿ ನೋಡಿಕೊಂಡೆ.
ಅಲ್ಲಿಯೂ ಮೂರು ವಾರದ ಕೆಳಗೆ ಮಸುಕಾಗಿ ಏನೋ ಎದ್ದಿರಬೇಕು,
ಎಣಿಸಬೇಡಿರಿ ಅದನ್ನು.

ನಾಳೆಯ ಲಕೋಟೆಗಳನ್ನು ಜೋಡಿಸಿಡಲು ಡಬ್ಬಿ ತೆರೆದರೆ
ಎಪ್ಪತ್ತು, ಒಂದೊಂದರ ಮೇಲೂ ಸಂಖ್ಯೆ,
ಅಲೆಕ್‌ರ ಸೊಟ್ಟ ಪೆನ್ಸಿಲಿನಲ್ಲಿ.
ಎರಡು, ಮೂರು, ನಾಲ್ಕು ಎಲ್ಲ ಸರಿಯಿದ್ದವು.
ಮೊದಲನೆಯದರ ಮೇಲೆ ಸಂಖ್ಯೆಯಿರಲಿಲ್ಲ,
ಬರೆದಿತ್ತು: ಲಾಬಾ.