ಷರಾ

ಬಣ್ಣ ಯಾವುದು, ಅಂತ ಕೇಳಿತು ಮೊದಲು.
ಮಂಡಕ್ಕಿಗೆ.
ಆಮೇಲೆ ಸೈಜು. ಆಮೇಲೆ ಮಾಡೆಲ್ ನಂಬರು.
ಯಾರೋ ಚಪ್ಪಲಿ ಅಂಗಡಿಯವರಿಗೆ ಮಾಡಿದ್ದನ್ನೇ
ದಾವಣಗೆರೆ ಮಂಡಿಪೇಟೆಯ ನಮಗೂ ಹಾಕಿ
ಹುಬ್ಬಳ್ಳಿಯ ಹುಡುಗ ಸಂಜೆ ಬಸ್ಸು ಹತ್ತಿದ.
'ಬೇಡದ್ದು ಅಳಿಸಿ ಮೇಡಂ, ಬೇಕಾದ್ದು ಕೂಡಿಸಿ,
ಸೆಟ್ಟಿಂಗ್ಸಿನಲ್ಲಿ ಕಸ್ಟಮ್ ಫೀಲ್ಡು ಅಂತಿದೆ.'

ಫೀಲ್ಡು ಅಂದರೆ ಹೊಲ ಅಂದುಕೊಂಡರು ಮುರಿಗೆಪ್ಪನವರು,
ಮೂವತ್ತೊಂದು ವರ್ಷ ಕೆಂಪು ಬಟ್ಟೆಯ ಖಾತೆ ಬರೆದವರು.
'ಎಷ್ಟು ಎಕರೆ ಕೊಡ್ತಾನಂತೆ?'
ನಲವತ್ತು ಅಕ್ಷರ, ಅಂದೆ.

ಆ ನಲವತ್ತೂ ಸುಳ್ಳು.
ಕೊಟ್ರಯ್ಯ ಅಂದರೆ ನಮಗೆ ಮೂರು, ಅದಕ್ಕೆ ಎಂಟು.
ಗುಣಿತಕ್ಕೆ ಬೇರೆ, ಕಾಲಡಿಯ ಒತ್ತಿಗೆ ಬೇರೆ,
ಒಂದೇ ಮನೆಗೆ ಕೋಣೆ ಕೋಣೆಗೂ ಬಾಡಿಗೆ.

ಅವರು ಹೇಳಿದರು, ನಾನು ಕಟ್ಟಿದೆ.
ಉಪ್ಪು: ಹೆಚ್ಚು, ಕಡಿಮೆ, ಭಟ್ಟಿಯವರಿಗೆ ಗೊತ್ತು.
ಯಾವ ಭಟ್ಟಿ: ಅಂಕಿ ಅಲ್ಲ, ಅಕ್ಷರ.
ನಂಬರು ಎಲ್ಲಿದೆ ಅವಕ್ಕೆ?
ಬೇವಿನ ಮರದ್ದು, ಗೋಡೆ ಬಿದ್ದದ್ದು, ಜೈತುನಬಿಯದ್ದು.
ವಾಯಿದೆ: ದಿನಾಂಕ ಅಂತ ಕೊಟ್ಟೆ.
ತಲೆ ಅಲ್ಲಾಡಿಸಿದರು.
ಜಗಳೂರಿನವ ಸಂತೆ ಕಳೆದ ಮೇಲೆ ಕೊಡುತ್ತಾನೆ,
ಹೊನ್ನಾಳಿಯವ ಹೆಂಡತಿ ಮನೆಯಲ್ಲಿದ್ದರೆ ಕೊಡುತ್ತಾನೆ,
ಇದು ಯಾವ ತಾರೀಖು ದಾಕ್ಷಾಯಣೀ?
ವಾಯಿದೆಯನ್ನೂ ಅಕ್ಷರ ಮಾಡಿದೆ.

ಶುಕ್ರವಾರ ಆರೂವರೆ. ಶಟರು ಅರ್ಧ ಎತ್ತಿತ್ತು.
ಬೈಕಿನಲ್ಲಿ ಒಬ್ಬ, ಇಳಿಯಲಿಲ್ಲ.
ಅರ್ಧ ಚೀಲ, ಅಂದ. ಎಷ್ಟಾಯಿತು ಅನ್ನಲಿಲ್ಲ.
ಮುರಿಗೆಪ್ಪನವರು ತಂದು ಟ್ಯಾಂಕಿನ ಮೇಲೆ ಇಟ್ಟರು.
'ಯಾರು?'
'ಅಪ್ಪನ ಅಕ್ಕ.'
ಆ ಚೀಲಕ್ಕೆ ನಮ್ಮಲ್ಲಿ ದುಡ್ಡಿಲ್ಲ,
ಸಾಹೇಬರ ತಂದೆಯ ಕಾಲದಿಂದ.
ಮುಂದೆ ಒಬ್ಬ ಎರಚುತ್ತ ನಡೆಯುತ್ತಾನೆ,
ಕಾಳು ಹಗುರ, ಗಾಳಿ ಎದ್ದರೆ
ಹೆಣಕ್ಕಿಂತ ಮೊದಲೇ ಓಡಿ ತಿರುವಿನಲ್ಲಿ ಕಾಯುತ್ತದೆ.

ದರದಲ್ಲಿ ಸೊನ್ನೆ ಹಾಕಿದೆ. ಕೆಂಪಾಯಿತು.
'ಸೊನ್ನೆಗಿಂತ ಹೆಚ್ಚಿರಬೇಕು.'
ಖಾತೆಯಲ್ಲಿ ಹೇಗೆ ಬರೆಯುತ್ತಿದ್ದಿರಿ?
ಹಳೇ ಪುಟ ತೆಗೆದರು.
ಷರಾ ಅನ್ನುವ ಕೊನೆಯ ಕಲಮಿನಲ್ಲಿ ಒಂದು ಚುಕ್ಕೆ.
ಪೆನ್ನು ಒಂದು ಗಳಿಗೆ ನಿಂತದ್ದು, ಅಷ್ಟೇ.

ಹೊಸ ಫೀಲ್ಡು. ಬಗೆ: ಹೌದು, ಅಲ್ಲ.
ಹೆಸರು ಕೇಳಿತು.
ಸಾವು ಅಂತ ಒತ್ತಿ ಅಳಿಸಿದೆ.
ಉಚಿತ ಅಂತ ಒತ್ತಿ ಅದಕ್ಕಿಂತ ಬೇಗ ಅಳಿಸಿದೆ.
'ದಾರಿಗೆ' ಅಂದರು ಮುರಿಗೆಪ್ಪನವರು
ಕನ್ನಡಕ ಒರೆಸುತ್ತ. 'ದಾರಿಗೆ ಅಂತ ಹಾಕು.'
ಹೌದು ಅಂದಾಗ ದರ ಕೇಳಬೇಡ ಅನ್ನುವುದನ್ನು
ಹುಬ್ಬಳ್ಳಿಗೆ ಮೂರು ಸಲ ಫೋನು ಮಾಡಿ ಕಲಿತೆ.

ಗೊತ್ತಿಲ್ಲದೆ ಕೆಂಪು ನಕ್ಷತ್ರ ಹಚ್ಚಿಬಿಟ್ಟಿದ್ದೆ,
ಕಡ್ಡಾಯ, ತುಂಬದೆ ಮುಂದೆ ಬಿಡದು.
ಸೋಮವಾರ ಫೋನಿಗೆ ಹೊಸದಾಗಿ ಕೂತ ಹೊನ್ನೂರಮ್ಮ
ಇದ್ದದ್ದನ್ನು ಇದ್ದ ಹಾಗೇ ಓದಿದಳು,
ನರ್ಗಿಸ್ ಮಂಡಕ್ಕಿ ಗಾಡಿಯ ಚಮನ್‌ಸಾಬಿಗೆ:
'ದಾರಿಗಾ ಅಣ್ಣ?'
'ದಾರೀಲೇ ಅಲ್ವೇನಮ್ಮ ನನ್ನ ಗಾಡಿ ನಿಲ್ಲೋದು!'
ಹೌದು ಒತ್ತಿದಳು. ಎರಡು ಚೀಲ ಪುಕ್ಕಟೆ ಹೋಯಿತು.
ಸಾಹೇಬರು ಕೆಮ್ಮು ಬರುವ ತನಕ ನಕ್ಕರು.
ಮುರಿಗೆಪ್ಪನವರು ನಗಲಿಲ್ಲ.
'ಮೊದಲು ಅದನ್ನು ತೆಗಿ. ಅವನಿಗೆ ಇಬ್ಬರು ಸಣ್ಣ ಮಕ್ಕಳು.'

ನಕ್ಷತ್ರ ತೆಗೆದೆ.
ಯಾರೂ ಏನೂ ಹೇಳದಿದ್ದರೆ ಏನೆಂದು ತಿಳಿಯಲಿ?
ಅದು ಕೇಳಿತು. ನಾನು ಯೋಚಿಸಲೂ ಇಲ್ಲ.
ಅಲ್ಲ.

ಈಗ ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ.
ಹರಿಹರದ ಮದುವೆ ಮನೆಗೆ ಹತ್ತು ಚೀಲ,
ಬಸ್‌ಸ್ಟ್ಯಾಂಡಿನ ಮೆಣಸಿನಕಾಯಿ ಅಂಗಡಿಗೆ ನಾಲ್ಕು,
ಚಮನ್‌ಸಾಬಿಗೆ ಎರಡು, ಉಪ್ಪು ಕಡಿಮೆ.
ಒಂದೊಂದು ಆರ್ಡರೂ ಒಳಗೆ ಹೋಗುವಾಗ
ಕೊನೆಯ ಕಲಮಿನಲ್ಲಿ ತಾನೇ ಬರೆದುಕೊಳ್ಳುತ್ತದೆ,
ಅಲ್ಲ.
ಅಲ್ಲ.
ಸಂಜೆ ಪಟ್ಟಿ ತೆಗೆದರೆ ಪರದೆಯ ಬಲಗಡೆ
ಮೇಲಿಂದ ಕೆಳಗಿನವರೆಗೂ ಅದೇ.
ಮೊತ್ತ ಆಮೇಲೆ ನೋಡುತ್ತೇನೆ.
ಮೊದಲು ಆ ಸಾಲನ್ನು ಬೆರಳಿಟ್ಟು ಇಳಿಯುತ್ತೇನೆ,
ಭಟ್ಟಿಯ ಹೊಗೆ ಕಿಟಕಿಯಲ್ಲಿ ಒಳಗೆ ಬರುವಾಗ,
ಒಂದೂ ತಪ್ಪದ ಹಾಗೆ.