ಡೊಂಕು ಚಾಪೆ

ಯಾತ್ಸುಶಿರೊದ ಈ ಓಣಿಯಲ್ಲಿ
ನಲವತ್ತಾರು ವರ್ಷ ಚಾಪೆ ಹೊಲಿದಿದ್ದೇನೆ.
ಜೊಂಡಿನ ಚಾಪೆ, ತತಾಮಿ,
ಹಾಸಿದ ಮೇಲೆ ನೆಲವೇ ಆಗಿಬಿಡುವಂಥದು.
ಕಲಿತದ್ದು ಒಂದೇ ಮಾತು: ಯಾವ ಕೋಣೆಯೂ ಚೌಕವಲ್ಲ.
ಗೋಡೆ ವಾಲಿರುತ್ತದೆ, ಮೂಲೆ ಸುಳ್ಳು ಹೇಳುತ್ತದೆ,
ಮಂಡಿಯೂರಿ ಕೇಳಿದವನಿಗಷ್ಟೇ
ಮನೆ ತನ್ನ ನಿಜವಾದ ಅಳತೆ ಕೊಡುತ್ತದೆ.

ಈಗ ಮಂಡಿಯೂರಿದರೆ ಏಳಲು
ಬಾಗಿಲ ಚೌಕಟ್ಟು ಹಿಡಿಯಬೇಕು ನಾನು.
ಇರಿಕೊಗೆ ಹಿಡಿಯಲು ಕೈಯೂ ಇಲ್ಲ.

ಇರಿಕೊ ಎಂದರೆ ಬೆರಳುದ್ದದ ಒಣಮೀನು.
ಮರಿಯಾಗಿದ್ದಾಗ ಸವಾಯೆಯ ಡಬ್ಬಿಗೆ ಮೂತಿ ತೂರಿಸಿ
ಅರ್ಧ ಕಿಲೋ ಖಾಲಿ ಮಾಡಿದಳು, ಹೆಸರು ಅಂಟಿತು.
ಈಗ ಹದಿನಾಲ್ಕು ತುಂಬಿದೆ.
ಬೆಳಿಗ್ಗೆ ಮುಂಗಾಲು ಏಳುತ್ತವೆ,
ಹಿಂಗಾಲು ಇನ್ನೂ ಯೋಚಿಸುತ್ತಿರುತ್ತವೆ.

ಪಡಸಾಲೆಯ ಹಲಗೆ ಬೇರೆ, ಕನ್ನಡಿ.
ಸವಾಯೆ ತವುಡಿನ ಗಂಟು ಕಟ್ಟಿ
ಮದುವೆಯಾದ ವರ್ಷದಿಂದ ಉಜ್ಜಿದ ಹೊಳಪು.
ಅದರ ಮೇಲೆ ಮೊನ್ನೆ ನಾಯಿಯ ನಾಲ್ಕು ಕಾಲು
ನಾಲ್ಕು ದಿಕ್ಕಿಗೆ ಹೋದವು.
ಬಿದ್ದವಳು ಅಳಲಿಲ್ಲ. ನಮ್ಮ ಮುಖ ನೋಡಿದಳು,
ತಪ್ಪು ತನ್ನದೇ ಎಂಬ ಹಾಗೆ.

ಡಾಕ್ಟರ್ ಇಕುತಾ, ಚಿಕ್ಕ ವಯಸ್ಸಿನ ಹೆಂಗಸು,
ಸೊಂಟದ ಕೀಲು ಹಿಡಿದು ಮೆಲ್ಲಗೆ ತಿರುಗಿಸಿ ಹೇಳಿದಳು:
ಎರಡು ಕಿಲೋ ಇಳಿಯಬೇಕು.
(ಹೇಳುವಾಗ ನನ್ನ ಹೊಟ್ಟೆಯನ್ನೇಕೆ ನೋಡಿದಳೋ.)
ಒಂದೇ ಸಲ ಊರು ಸುತ್ತಿಸಬೇಡಿ, ಸ್ವಲ್ಪ ಸ್ವಲ್ಪ, ಮೂರು ಸಲ.
ಪಾದದ ಸಂದಿಯ ಕೂದಲು ಕತ್ತರಿಸಿ. ಬೆಚ್ಚಗಿಡಿ.
ಮಾತ್ರೆ ನಾನು ಬರೆದುಕೊಟ್ಟಷ್ಟೇ, ನಿಮ್ಮದನ್ನು ಕೊಡಬೇಡಿ.
ಕೊನೆಗೆ: ನೆಲ ಜಾರಬಾರದು.

ನೆಲ!
ನನಗೆ ಹೇಳುತ್ತಾಳೆ, ನೆಲದ ವಿಷಯ.

ಮನೆಗೆ ಬಂದವನೇ ಗೋದಾಮಿನಿಂದ ಹೊಸ ಜೊಂಡು ತೆಗೆದೆ.
ದೇವಾಲಯದ ಕೆಲಸಕ್ಕೆಂದು ಎತ್ತಿಟ್ಟಿದ್ದ
ಹಸಿರು ಜರಿಯಂಚಿನ ಬಟ್ಟೆಯನ್ನು ಮಡಚಿ
ಹೊಟ್ಟೆಯಡಿಯ ಜೋಲಿ ಮಾಡಿದೆ, ಮೂರು ಮೆಟ್ಟಿಲಿಗೆ.
ಅಂಗಳಕ್ಕಿಳಿಯುವ ಇರಿಕೊ ಈಗ ಯಾವುದೋ ಮಠಾಧೀಶೆ.
ರಾತ್ರಿ ಬಿಸಿನೀರಲ್ಲಿ ಟವೆಲ್ ಹಿಂಡಿ
ಮೊದಲು ನನ್ನ ಮಣಿಕಟ್ಟಿಗೆ, ಆಮೇಲೆ ಅವಳ ತೊಡೆಗೆ.
ಸೂಜಿ ಎಳೆದೆಳೆದು ಸೊಟ್ಟಗಾದ ಬೆರಳು
ಬಿಗಿದ ಸ್ನಾಯು ಎಲ್ಲಿದೆಯೆಂದು ತಾನೇ ಹುಡುಕುತ್ತದೆ,
ಬಿಗಿಯಾದ ಎಳೆಯನ್ನು ಹುಡುಕಿ ಅಭ್ಯಾಸ ಅದಕ್ಕೆ.

ಚಾಪೆ ಹಾಸಿದೆ. ಪಡಸಾಲೆಯ ನಟ್ಟನಡುವೆ,
ದಾರ ಹಿಡಿದಷ್ಟು ನೇರ. ನಾಯಿ ಬಂತು,
ಮೂಸಿತು,
ಪಕ್ಕದ ಬರಿಹಲಗೆಯ ಮೇಲೆ ಜಾರುತ್ತಾ ಹೋಯಿತು.

ಮೂರು ದಿನ ಹೀಗೇ.
"ನಾಯಿಬಾಲ ಡೊಂಕು ಅಂತಾರೆ," ಸವಾಯೆ ನಕ್ಕಳು,
"ಇವಳ ದಾರಿಯೇ ಡೊಂಕು."
ಸಿಟ್ಟು ಬಂತು. ಆಮೇಲೆ ಅವಳ ಮಾತೇ ಹಿಡಿದು
ಪಡಸಾಲೆ ತುಂಬ ಅಕ್ಕಿಹಿಟ್ಟು ಜರಡಿ ಹಿಡಿದೆ,
ಬಾಗಿಲ ಹಿಂದೆ ನಿಂತು ಕಾದೆ.

ಬೆಳಗಾದಾಗ ನೆಲ ಹೇಳಿತ್ತು:
ಎಡಗೋಡೆಗೆ ಭುಜ ಆನಿಸಿಕೊಂಡು ಆರು ಹೆಜ್ಜೆ,
ಅಲ್ಲಿ ನಿಂತು ಉಸಿರು,
ಅಲ್ಲಿಂದ ಅಡ್ಡಕ್ಕೆ ಅಡುಗೆಮನೆಯ ಹೊಸ್ತಿಲಿಗೆ;
ಬಲ ಹಿಂಗಾಲು ಎತ್ತಿಟ್ಟ ಗುರುತಿಲ್ಲ,
ಉದ್ದಕ್ಕೂ ಎಳೆದ ಒಂದು ಗೆರೆ.

ಆ ಗೆರೆಯ ಪಕ್ಕದಲ್ಲಿ ಮಂಡಿಯೂರಿ
ಅಳತೆ ತೆಗೆದುಕೊಂಡೆ.

ಗೋಡೆಗೆ ಒತ್ತಿ, ನಡುವೆ ಮುರಿದು, ಕೊನೆಗೆ ಓರೆ.
ನನ್ನ ಗುರು ನೋಡಿದ್ದರೆ ಕೈಗೆ ಹೊಡೆಯುತ್ತಿದ್ದರು.
ಯಾವ ಗಿರಾಕಿಯೂ ದುಡ್ಡು ಕೊಡದ ಚಾಪೆ.
ಹಿಂದೆ ಹೆಸರು ಬರೆಯುವ ಜಾಗದಲ್ಲಿ
ಹೆಸರು ಬರೆದಿದ್ದೇನೆ.

ಒಂದು ತೊಂದರೆ ಮಾತ್ರ.
ಮುಂಚೆ ರಾತ್ರಿ ಉಗುರು ಹಲಗೆಗೆ ತಾಕಿ ಟಕ್, ಟಕ್,
ಎದ್ದಳು ಎಂದು ಗೊತ್ತಾಗುತ್ತಿತ್ತು.
ಈಗ ಜೊಂಡಿನ ಮೇಲೆ ಸದ್ದೇ ಇಲ್ಲ.
ಎಚ್ಚರಾಗಿ ಕತ್ತಲಲ್ಲಿ ಕಿವಿಗೊಟ್ಟು ಮಲಗಿರುತ್ತೇನೆ,
ಏನೂ ಕೇಳುವುದಿಲ್ಲ, ಏನೂ,
ಎದೆ ಒಂದು ಗಳಿಗೆ ತಪ್ಪುತ್ತದೆ,

ಆಮೇಲೆ ದೂರದ ಅಡುಗೆಮನೆಯಲ್ಲಿ
ಬಟ್ಟಲ ನೀರು ನೆಕ್ಕುವ ಸಪ್ಪಳ.